ಎರಡನೇ ಶನಿವಾರದ ಗಂಡಸರು

ಮೊದಲು ಗಮನಿಸಿದವನು ನಾನಲ್ಲ. ದಹಿಸರ್ ಸ್ಟೇಷನ್ ಪಕ್ಕದ ಪೇ ಟಾಯ್ಲೆಟ್‌ನ ಬಾಗಿಲಲ್ಲಿ ಟೇಬಲ್ ಹಾಕಿಕೊಂಡು ಕೂರುವ ಮನುಷ್ಯ.

ನನ್ನ ಅಂಗಡಿ ಅಲ್ಲಿಂದ ನಾಲ್ಕು ಹೆಜ್ಜೆ. ಜೆಂಟ್ಸ್ ಟೇಲರ್. ಬೈಲಹೊಂಗಲದಿಂದ ಬಂದು ಇಲ್ಲಿ ಮೂವತ್ತೊಂದು ವರ್ಷದಿಂದ ಪ್ಯಾಂಟು, ಶರ್ಟು, ಮದುವೆ ಸೀಸನ್ನಿನಲ್ಲಿ ಸೂಟು ಹೊಲಿಯುತ್ತಿದ್ದೇನೆ. ಎರಡು ಮಷಿನ್, ಒಂದು ಕಟಿಂಗ್ ಟೇಬಲ್ ಇಟ್ಟರೆ ಅಂಗಡಿ ತುಂಬಿತು. ಬಾತ್‌ರೂಮಿಗೆ ಆ ಪೇ ಟಾಯ್ಲೆಟ್ಟೇ ಗತಿ.

“ಮಾಸ್ಟರ್‌ಜಿ, ಸುಬಹ್ ಸೇ ಪಾಂಚ್ವೀ ಬಾರ್,” ಎಂದ ಅವನು ಒಂದು ದಿನ. “ಶುಗರ್ ಚೆಕ್ ಕರಾ ಲೋ.”

ಬೆಳಗಿನಿಂದ ಐದನೇ ಸಲ ಎಂಬ ಲೆಕ್ಕ ಅವನಿಗಿತ್ತು, ನನಗಿರಲಿಲ್ಲ. ಹೋಗಿ ನಿಂತರೂ ಸರಿಯಾಗಿ ಆಗುತ್ತಿರಲಿಲ್ಲ. ಬಂತು ಎನ್ನುವಷ್ಟರಲ್ಲಿ ನಿಲ್ಲುತ್ತಿತ್ತು. ಅರವತ್ತೆರಡು ವಯಸ್ಸು, ಇದೆಲ್ಲ ಇರುವುದೇ ಎಂದುಕೊಂಡಿದ್ದೆ.

ಶುಗರ್ ಇರಲಿಲ್ಲ. ನಮ್ಮ ಫ್ಯಾಮಿಲಿ ಡಾಕ್ಟರು ಶುಗರಿನ ಜೊತೆಗೆ ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ಪಿಎಸ್‌ಎ ಎಂಬ ಇನ್ನೊಂದು ಟೆಸ್ಟನ್ನೂ ಬರೆದಿದ್ದರು. ಅದು ಏರಿತ್ತು. ಆಮೇಲೆ ಸಯನ್ ಕಡೆಯ ಒಂದು ಟ್ರಸ್ಟ್ ಆಸ್ಪತ್ರೆ, ಎಮ್‌ಆರ್‌ಐ, ಬಯಾಪ್ಸಿ. ಪ್ರತಿ ಸಲವೂ ಮಗಳು ಪಲ್ಲವಿ ರಜೆ ಹಾಕಿ ಬಂದಳು. ಮುಂಬೈಯಲ್ಲೇ ಹುಟ್ಟಿ ಬೆಳೆದವಳು, ಅವಳ ಕನ್ನಡದಲ್ಲಿ ಅರ್ಧ ಹಿಂದಿ. “ಅಪ್ಪಾ, ಟೆನ್ಷನ್ ಮತ್ ಲೋ. ರಿಪೋರ್ಟ್ ಬರ್ಲಿ, ಫಿರ್ ನೋಡೂಣು,” ಎನ್ನುತ್ತಿದ್ದಳು.

ರಿಪೋರ್ಟ್ ಬಂತು.

ಕ್ಯಾನ್ಸರ್.

ಯುರಾಲಜಿಸ್ಟ್ ಇನ್ನೂ ನಲವತ್ತರ ಆಸುಪಾಸಿನವರು. ಒಂದು ಕಾಗದದ ಮೇಲೆ ಅಡಿಕೆಯ ಗಾತ್ರದ ಗುಂಡು ಬರೆದು, ಅದರೊಳಗೊಂದು ಚುಕ್ಕಿ ಇಟ್ಟು, “ಇದು ಒಳಗೇ ಇದೆ, ಹೊರಗೆ ಹೋಗಿಲ್ಲ. ಸ್ಕ್ಯಾನ್ ಕ್ಲಿಯರ್ ಇದೆ. ಸರ್ಜರಿ ಮಾಡಬಹುದು, ರೇಡಿಯೇಶನ್ನೂ ಮಾಡಬಹುದು. ನಿಮ್ಮ ಕೇಸಿಗೆ ಸರ್ಜರಿ ಒಳ್ಳೆಯದು ಅಂತ ನನ್ನ ಅಭಿಪ್ರಾಯ,” ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಆಮೇಲೆ ಪಲ್ಲವಿಯನ್ನು ನೋಡಿ, ಎರಡು ನಿಮಿಷ ಹೊರಗೆ ಕೂರಲು ಹೇಳಿದರು. ಬಾಗಿಲು ಮುಚ್ಚಿದ ಮೇಲೆ ಎರಡು ವಿಷಯ ಹೇಳಿದರು. ಮೊದಲ ಕೆಲವು ತಿಂಗಳು ಮೂತ್ರ ಹಿಡಿತದಲ್ಲಿ ಇರುವುದಿಲ್ಲ, ಪ್ಯಾಡ್ ಬೇಕಾಗುತ್ತದೆ. ಇನ್ನೊಂದು, ಗಂಡ ಹೆಂಡತಿಯ ನಡುವಿನದು. ಅದು ಮೊದಲಿನಂತೆ ಆಗದೆಯೂ ಇರಬಹುದು.

ನಾನು ತಲೆಯಾಡಿಸಿದೆ. ಗಿರಾಕಿ ಬಂದು ಪ್ಯಾಂಟಿನ ಬಾಟಮ್ ಒಂದು ಇಂಚು ಕಡಿಮೆ ಇಡಿ ಅಂದರೆ ಆಡಿಸುತ್ತೇನಲ್ಲ, ಹಾಗೆ.

ಮನೆಗೆ ಬಂದು ಹೆಂಡತಿ ಸುಮಿತ್ರಾಳಿಗೆ ಕಾಯಿಲೆಯ ಹೆಸರು ಹೇಳಿದೆ, ಸರ್ಜರಿ ಹೇಳಿದೆ, ಪ್ಯಾಡಿನ ವಿಷಯವನ್ನೂ ತೊದಲುತ್ತ ಹೇಳಿದೆ. ಎರಡನೆಯದನ್ನು ಹೇಳಲಿಲ್ಲ. ಸುಮಿತ್ರಾ ನನ್ನ ಅಂಗಡಿಯ ಗುಂಡಿ ಹಚ್ಚುವ, ಕಾಜಾ ಹೆಣೆಯುವ ಕೆಲಸವನ್ನೆಲ್ಲ ಮನೆಯಲ್ಲಿ ಕೂತು ಮಾಡುವವಳು. ಆ ದಿನ ಸೂಜಿಗೆ ದಾರ ಪೋಣಿಸಲು ಅವಳಿಗೆ ಆಗಲಿಲ್ಲ. ಮೂರು ಸಲ ನೋಡಿ, ನಾನೇ ಪೋಣಿಸಿ ಕೊಟ್ಟೆ.

ಸರ್ಜರಿಗೆ ಡೇಟ್ ಸಿಕ್ಕಿತು. ನಾನು ಹೋಗುವುದಿಲ್ಲ ಎಂದೆ. ಕಾರಣ ಏನೇನೋ ಹೇಳಿದೆ. ಸೀಸನ್ ಇದೆ, ಊರಲ್ಲಿ ಒಬ್ಬರು ಗಿಡಮೂಲಿಕೆ ಕೊಡುತ್ತಾರಂತೆ, ನೋಡೋಣ. ನಿಜವಾದ ಕಾರಣ ಬೇರೆ. ದಿನವಿಡೀ ಗಂಡಸರ ಮುಂದೆ ಮೊಣಕಾಲೂರಿ ಅಳತೆ ತೆಗೆದುಕೊಳ್ಳುವವನು ನಾನು. ಒದ್ದೆ ಪ್ಯಾಂಟಿನಲ್ಲಿ, ವಾಸನೆ ಹೊಡೆಯುತ್ತ, ಯಾರ ಮುಂದೆ ಹೇಗೆ ಕೂರಲಿ? ಇದನ್ನು ಮಗಳ ಹತ್ತಿರ ಹೇಳುವುದು ಹೇಗೆ?

ಪಲ್ಲವಿ ಆಸ್ಪತ್ರೆಯ ಸೋಶಿಯಲ್ ವರ್ಕರ್ ಮೇಡಮ್ ಹತ್ತಿರ ಹೋಗಿ ಅತ್ತಳಂತೆ. ಮೇಡಮ್ ನನಗೆ ಫೋನ್ ಮಾಡಿ, “ಇದೇ ಆಪರೇಶನ್ ಆದವರೊಬ್ಬರು ಇದ್ದಾರೆ, ಕನ್ನಡದವರು. ನಿಮ್ಮ ನಂಬರ್ ಕೊಡಲಾ?” ಎಂದರು. ಬೇಡ ಎನ್ನಲು ನಾಚಿಕೆಯಾಗಿ ಹೂಂ ಅಂದೆ.

ಮರುದಿನ ಮಧ್ಯಾಹ್ನ ಫೋನ್ ಬಂತು. “ನಾನು ಸಾಲಿಯಾನ್ ಅಂತ. ಬಂದರಿನಲ್ಲಿ ಕ್ರೇನ್ ಆಪರೇಟರ್ ಆಗಿದ್ದೆ, ಈಗ ರಿಟೈರ್ಡ್. ನಿಮ್ಮಲ್ಲಿ ಲುಂಗಿ ಉಂಟಾ?”

“ಲುಂಗಿ?”

“ಹೌದು ಮಾರಾಯ್ರೆ. ಆಪರೇಶನ್ ಆದ ಮೇಲೆ ಹತ್ತು ಹದಿನೈದು ದಿನ ಮೂತ್ರಕ್ಕೆ ಪೈಪ್ ಇರ್ತದೆ. ಪೈಜಾಮ ಆಗೂದಿಲ್ಲ. ನಿಮ್ಮ ಕಡೆಯವರು ಧೋತರ ಅಲ್ವಾ, ಅದಕ್ಕೆ ಕೇಳಿದೆ.”

ನಾನು ಆಪರೇಶನ್ ಮಾಡಿಸಿಕೊಳ್ಳುವುದಿಲ್ಲ ಎಂದೆ. ಅವರು ಸಿಟ್ಟಾಗಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. “ಅದು ನಿಮಗೆ ಬಿಟ್ಟದ್ದು. ಎರಡನೇ ಶನಿವಾರ ನಾವು ಕೆಲವರು ಆಸ್ಪತ್ರೆಯ ಫಿಸಿಯೋಥೆರಪಿ ರೂಮಿನಲ್ಲಿ ಸೇರ್ತೇವೆ. ಸಯನ್ ಸ್ಟೇಷನ್ನಲ್ಲಿ ನಾನು ನಿಂತಿರ್ತೇನೆ. ಬಂದ್ರೆ ಬನ್ನಿ.”

ಹೋದೆ. ದಾದರ್‌ನಲ್ಲಿ ಲೈನ್ ಬದಲಿಸಿ ಸಯನ್‌ನಲ್ಲಿ ಇಳಿದಾಗ, ಬ್ರಿಜ್ಜಿನ ಕೆಳಗೆ ಎತ್ತರದ ಆಳೊಬ್ಬರು ತಿಳಿ ಬೂದು ಬಣ್ಣದ ಪ್ಯಾಂಟು, ಇನ್‌ಶರ್ಟ್ ಹಾಕಿಕೊಂಡು ನಿಂತಿದ್ದರು. ಎಪ್ಪತ್ತರ ಹತ್ತಿರ. ಮಾತಾಡುತ್ತ ನಡೆದೆವು. ಆಸ್ಪತ್ರೆಯ ಗೇಟಿನ ಹತ್ತಿರ ಅವರು ತಟ್ಟನೆ ನಿಂತು, ನನ್ನ ಮುಂದೆ ಒಂದು ಸುತ್ತು ತಿರುಗಿದರು.

“ನೀವು ಟೇಲರ್. ಹಿಂದೆ ಮುಂದೆ ಸರಿಯಾಗಿ ನೋಡಿ. ನನ್ನ ಪ್ಯಾಂಟಿನ ಒಳಗೆ ಎಂತ ಉಂಟು?”

ನೋಡಿದೆ. ಮೂವತ್ತೊಂದು ವರ್ಷದ ಕಣ್ಣಿನಿಂದ ನೋಡಿದೆ. ಸೀಟು ಸ್ವಲ್ಪ ಸಡಿಲ ಹೊಲಿದಿದ್ದರು, ಅಷ್ಟೇ.

“ಏನೂ ಕಾಣವಲ್ದು,” ಎಂದೆ.

“ಪ್ಯಾಡ್ ಉಂಟು. ನಾಲ್ಕು ವರ್ಷ ಆಯ್ತು. ಈಗ ಕೆಮ್ಮಿದ್ರೆ, ಭಾರ ಎತ್ತಿದ್ರೆ ಮಾತ್ರ ಒಂದೆರಡು ಹನಿ. ಮೊದಲ ಎರಡು ತಿಂಗಳು ಮಾತ್ರ ನರಕ ಮಾರಾಯ್ರೆ, ಸುಳ್ಳು ಯಾಕೆ ಹೇಳ್ಲಿ.”

ಆ ‘ನರಕ’ ಎಂಬ ಮಾತಿನಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂತು.

ಒಳಗೆ ಒಂಬತ್ತು ಜನರಿದ್ದರು. ಗುಜರಾತಿ ಒಬ್ಬರು, ಮರಾಠಿಯವರು ನಾಲ್ವರು, ಕುರ್ಲಾದ ಒಬ್ಬ ಚಾಚಾ, ಹೀಗೆ. ಮೇಡಮ್ ಎಲ್ಲರಿಗೂ ಚಹಾ ತರಿಸಿ, “ಆಪ್ ಲೋಗ್ ಬಾತ್ ಕರೋ” ಎಂದು ಹೋಗಿಬಿಟ್ಟರು. ಹಿಂದಿಯಲ್ಲಿ, ಮರಾಠಿಯಲ್ಲಿ, ಸಿಕ್ಕ ಭಾಷೆಯಲ್ಲಿ ಮಾತು. ಯಾವ ಪ್ಯಾಡ್ ಕೆರೆತ ತರುತ್ತದೆ, ಯಾವ ಸ್ಟೇಷನ್ನಿನ ಟಾಯ್ಲೆಟ್ ಶುಚಿಯಾಗಿರುತ್ತದೆ, ಕೆಳಗಿನ ಸ್ನಾಯು ಬಿಗಿಹಿಡಿಯುವ ಕಸರತ್ತನ್ನು ಲೋಕಲ್‌ನಲ್ಲಿ ನಿಂತೇ ಹೇಗೆ ಮಾಡಬಹುದು. ಜೀವನದಲ್ಲಿ ಮೊದಲ ಸಲ ಗಂಡಸರು ತಮ್ಮ ಮೈಯ ಬಗ್ಗೆ ಜೋಕ್ ಮಾಡದೆ ಮಾತಾಡುವುದನ್ನು ಕೇಳಿದೆ. ಜೋಕೂ ಇತ್ತು. ಅದು ಆಮೇಲೆ ಬರುತ್ತಿತ್ತು.

ನಾನು ಬಾಯಿ ಬಿಡಲಿಲ್ಲ. ಮನೆಗೆ ಬಂದು ಪಲ್ಲವಿಗೆ ಫೋನ್ ಮಾಡಿ, “ಡೇಟ್ ಕ್ಯಾನ್ಸಲ್ ಮಾಡಬ್ಯಾಡ,” ಎಂದೆ.

ಸರ್ಜರಿ ಆಯಿತು. ನೋವಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಮರೆತುಹೋಗುತ್ತದೆ. ಮರೆಯದೆ ಇರುವುದು ಪೈಪ್ ತೆಗೆದ ದಿನ. ಆಸ್ಪತ್ರೆಯ ಲಿಫ್ಟಿನವರೆಗೆ ನಡೆಯುವಷ್ಟರಲ್ಲಿ ಪ್ಯಾಡ್ ತುಂಬಿ ಹೋಯಿತು. ಟ್ಯಾಕ್ಸಿಯ ಸೀಟಿನ ಮೇಲೆ ಸುಮಿತ್ರಾ ಮೊದಲೇ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ತನ್ನ ಹಳೆ ಸೀರೆ ಮಡಚಿ ಇಟ್ಟಿದ್ದಳು. ನಾನು ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದೆ.

ನಮ್ಮದು ಒಂದು ರೂಮ್, ಒಂದು ಕಿಚನ್. ಕಿಚನ್ನಿನ ಪಕ್ಕದಲ್ಲಿ ಬಾತ್‌ರೂಮ್. ಹತ್ತಿರ ಇರಲಿ ಎಂದು ನನ್ನ ಹಾಸಿಗೆಯನ್ನು ಕಿಚನ್ನಿನಲ್ಲಿ ಹಾಕಿಸಿಕೊಂಡೆ. ಸುಮಿತ್ರಾ ಮೊದಲಿನಂತೆ ರೂಮಿನಲ್ಲಿ. ದಿನಕ್ಕೆ ಎಂಟು ಪ್ಯಾಡ್ ಆರಾಯಿತು, ಆರು ಮೂರಾಯಿತು. ಸಾಲಿಯಾನ್ ದಿನ ಬಿಟ್ಟು ದಿನ ಫೋನ್ ಮಾಡಿ, “ಇವತ್ತು ಎಷ್ಟು?” ಎಂದಷ್ಟೇ ಕೇಳುತ್ತಿದ್ದರು. ಎರಡು ತಿಂಗಳಿಗೆ ಅಂಗಡಿಯ ಶಟರ್ ಎತ್ತಿದೆ. ನನ್ನ ಪ್ಯಾಂಟುಗಳಿಗೆ ಒಳಗಡೆ ದಪ್ಪ ಕಾಟನ್ನಿನ ಒಂದು ಪದರ ಕೊಟ್ಟು, ಪ್ಯಾಡ್ ಜರುಗದಂತೆ ಎರಡು ಪಟ್ಟಿ ಹೊಲಿದುಕೊಂಡಿದ್ದೆ. ಶನಿವಾರದ ಸಭೆಯಲ್ಲಿ ಅದನ್ನು ತೋರಿಸಿದೆ. ಮುಂದಿನ ತಿಂಗಳು ಆರು ಜನ ತಮ್ಮ ತಮ್ಮ ಪ್ಯಾಂಟು ಥೈಲಿಯಲ್ಲಿ ಹಾಕಿಕೊಂಡು ಬಂದರು. ಅದರ ಮುಂದಿನ ಸಲ ಕುರ್ಲಾದ ಚಾಚಾ ನಾನು ಪದರ ಹಚ್ಚಿ ತಂದ ಪ್ಯಾಂಟು ಹಾಕಿಕೊಂಡು ಅದೇ ರೂಮಿನ ಕನ್ನಡಿಯ ಮುಂದೆ ಅತ್ತಿತ್ತ ನಡೆದು ನೋಡಿ, “ಇದರಲ್ಲಿ ಈದ್ ನಮಾಜಿಗೆ ಹೋಗಬಹುದು ಮಾಸ್ಟರ್,” ಎಂದು ಹಿಂದಿಯಲ್ಲಿ ಹೇಳಿ ನನ್ನ ಕೈ ಹಿಡಿದುಕೊಂಡರು.

ಮೊದಲ ಪಿಎಸ್‌ಎ ರಿಪೋರ್ಟ್ ಒಳ್ಳೆಯದಾಗಿ ಬಂತು. ನಾನು ಗೆದ್ದೆ ಎಂದುಕೊಂಡೆ. ಗೆದ್ದವನ ದೊಡ್ಡಸ್ತಿಕೆ ಬಂತು.

ಅಷ್ಟರಲ್ಲಿ ಮೇಡಮ್ ನನಗೊಂದು ಹೆಸರು ಕೊಟ್ಟರು. ರುದ್ರಗೌಡ. ಐವತ್ತಾರು ವಯಸ್ಸು, ವಿಜಯಪುರದ ಕಡೆಯವರು, ಬಿಲ್ಡಿಂಗ್ ಕೆಲಸದಲ್ಲಿ ಕೂಲಿಗಳ ಮೇಲಿನ ಮುಕಾದಮ್, ಹೆಂಡತಿ ಜೊತೆ ಕುರ್ಲಾದಲ್ಲಿ ಇರುತ್ತಾರೆ. ಹೊಸ ಕೇಸು. ಯಾರ ಜೊತೆಗೂ ಮಾತಾಡುತ್ತಿಲ್ಲ.

ಉತ್ಸಾಹದಲ್ಲಿ ಫೋನ್ ಹಚ್ಚಿದೆ. “ಏನೂ ಅಂಜಬ್ಯಾಡ್ರಿ ಗೌಡ್ರ. ಏನೂ ಆಗಂಗಿಲ್ಲ. ನನ್ನ ನೋಡ್ರಿ, ಎರಡು ತಿಂಗಳಿಗೆ ಅಂಗಡಿ ತಗದೀನಿ. ಎಲ್ಲಾ ಮೊದಲಿನಂಗ ಐತಿ...” ಕಾಲು ತಾಸು ನಾನೇ ಮಾತಾಡಿದೆ. ಆ ಕಡೆಯಿಂದ ‘ಹೂಂ’, ‘ಹೂಂ’. ನಡುವೆ ಕಾಂಕ್ರೀಟ್ ಮಷಿನ್ನಿನ ಸದ್ದು.

ನಾನು ಉಸಿರು ತೆಗೆದುಕೊಳ್ಳಲು ನಿಂತಾಗ ಅವರು ಕೇಳಿದರು. “ಅಣ್ಣಾ, ನೀವು ಹೇಳ್ಲಾಕ ಫೋನ್ ಮಾಡೀರೋ, ಕೇಳ್ಲಾಕ ಮಾಡೀರೋ?”

ಫೋನ್ ಕಟ್ಟಾಯಿತು.

ಮತ್ತೆ ಮಾಡಿದರೆ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ಸಾಲಿಯಾನರಿಗೆ ಫೋನಿನಲ್ಲಿ ಆಡಿದ್ದನ್ನೆಲ್ಲ ಒಪ್ಪಿಸಿ ದೂರು ಹೇಳಿದೆ. “ಭಾಳ ಸೊಕ್ಕಿನ ಮನಷ್ಯಾ ಅದಾನ್ರಿ.” ಅವರು, “ವಿಠ್ಠಲರೇ, ಎಲ್ಲಾ ಮೊದಲಿನ ಹಾಗೆ ಉಂಟು ಅಂದ್ರಲ್ಲ, ಹೌದಾ? ಎಲ್ಲಾ?” ಎಂದರು.

ಗಿರಾಕಿ ಬಂದರು ಎಂದು ಹೇಳಿ ಫೋನ್ ಇಟ್ಟೆ. ಅವರೂ ಒತ್ತಾಯ ಮಾಡಲಿಲ್ಲ.

ಮುಂದಿನ ಎರಡನೇ ಶನಿವಾರ ಸಭೆ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಒಬ್ಬರು ಬಂದು ಕೂತರು. ಕಪ್ಪನೆ ಗಟ್ಟಿ ಆಳು, ಬೂಟಿನ ಮೇಲೆ ಸಿಮೆಂಟಿನ ಕಲೆ. ರುದ್ರಗೌಡರೇ ಎಂದು ನೋಡಿದೊಡನೆ ಗೊತ್ತಾಯಿತು. ಹತ್ತು ನಿಮಿಷ ಕೂತು ಎದ್ದು ಹೋದರು. ನಾನು ಹಿಂದೆಯೇ ಇಳಿದೆ. ಗೇಟಿನ ಹೊರಗಿನ ಚಹಾ ಗಾಡಿಯ ಹತ್ತಿರ ನಿಂತಿದ್ದರು.

“ನಾ ವಿಠ್ಠಲ್ರೀ. ಟೇಲರ್. ಅವತ್ತ ಫೋನ್‌ನ್ಯಾಗ ನಾನ ಬಡಬಡಿಸಿದೆ. ತಪ್ಪಾತು.”

ಅವರು ನನ್ನನ್ನು ನೋಡಿ, ಗಾಡಿಯವನಿಗೆ ಎರಡು ಬೆರಳು ತೋರಿಸಿದರು. ಚಹಾ ಬಂತು. ಕುಡಿದೆವು. ನನಗೆ ಬಾಯಿ ತೆರೆಯಬೇಕು ಅನ್ನಿಸುತ್ತಿತ್ತು, ಹಲ್ಲು ಕಚ್ಚಿ ಸುಮ್ಮನೆ ನಿಂತೆ. ಬಸ್ಸುಗಳು ಹೋದವು. ಎರಡನೇ ಚಹಾ ಹೇಳಿದರು. ಅದು ಅರ್ಧ ಆದಾಗ, ರಸ್ತೆಯ ಕಡೆ ಮುಖ ಮಾಡಿಯೇ ಕೇಳಿದರು.

“ಹೆಂಡತಿಗಿ ಹೇಳೀರೇನ್ರಿ?”

“ಹೇಳೀನಲ್ಲ. ರಿಪೋರ್ಟ್ ಬಂದ ದಿನಾನ ಹೇಳೀನಿ.”

“ರೋಗದ್ದಲ್ರೀ.” ಅವರು ಗ್ಲಾಸನ್ನು ತಿರುಗಿಸಿದರು. “ಆಮ್ಯಾಲಿಂದು. ಡಾಕ್ಟರ್ ಹೇಳ್ತಾರಲ್ಲ, ಅದು ಆಗ್ತದೋ ಇಲ್ಲೋ ಅಂತ. ಅದು. ಹ್ಯಾಂಗ ಹೇಳಿದ್ರಿ? ಏನ್ ಮಾತು ಹಚ್ಚಿದ್ರಿ? ನಂಗ ಅದೊಂದ ತಿಳೀವಲ್ದು ನೋಡ್ರಿ. ಬಾಕಿ ಎಲ್ಲಾ ತಡಕೋತೀನಿ.”

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ‘ನಮ್ಮ ಮನೆಯಾಕಿ ತಿಳಿವಳಿಕಸ್ತಳು’ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನುಷ್ಯ ಕುರ್ಲಾದಿಂದ ಇದೊಂದನ್ನೇ ಕೇಳಲು ಬಂದು ನಿಂತಿದ್ದ.

“ಇಲ್ರಿ ಗೌಡ್ರ,” ಎಂದೆ. “ಇನ್ನೂ ಹೇಳಿಲ್ಲ.”

“ಎಷ್ಟ್ ದಿನಾತು ಆಪರೇಶನ್ ಆಗಿ?”

“ಏಳು ತಿಂಗಳು.”

“ಏಳು ತಿಂಗಳು!”

“ಕಿಚನ್ನ್ಯಾಗ ಮಲಗತೀನಿ. ಬಾತ್‌ರೂಮ್ ಸಮೀಪ ಆಗ್ತೈತಿ ಅಂತ ಹೇಳೀನಿ. ಈಗ ಅದರ ಗರಜಿಲ್ಲ. ಎರಡು ತಿಂಗಳಾತು ಪ್ಯಾಡೂ ಒಂದ ಸಾಕಾಗೈತಿ. ನನಗ ಅಂಜಿಕಿ, ಅದಕ್ಕ ಮಲಗತೀನಿ.”

ರುದ್ರಗೌಡರು ಮೊದಲ ಸಲ ನನ್ನತ್ತ ಪೂರ್ತಿ ತಿರುಗಿದರು. ಮುಖದ ಬಿಗಿ ಸಡಿಲವಾಗಿತ್ತು. “ಹಂಗಾದ್ರ ನೀವೂ ನನ್ನಂಗ ಅದೀರಿ ಬಿಡ್ರಿ,” ಎಂದು ನಕ್ಕರು. ಆ ನಗೆಯಲ್ಲಿ ಹಂಗಿಸುವುದು ಇರಲಿಲ್ಲ. ನಾನೂ ನಕ್ಕೆ. ಚಹಾದವನು ನಮ್ಮಿಬ್ಬರನ್ನೂ ನೋಡಿದ.

“ಈ ವಾರ ನೀವು ಹೇಳ್ರಿ,” ಎಂದರು. “ಹೇಳಿ ಹ್ಯಾಂಗಾತು ನಂಗ ಹೇಳ್ರಿ. ಆಮ್ಯಾಲ ನಾ ಹೇಳ್ತೀನಿ.”

ಅವರಿಗೆ ಧೈರ್ಯ ಕೊಡಲು ಹೋದವನು ನಾನು. ನನಗೆ ಕೆಲಸ ಹಚ್ಚಿ ಅವರು ಬಸ್ಸು ಹತ್ತಿದರು.

ಭಾನುವಾರ ಬೆಳಗ್ಗೆ ಸುಮಿತ್ರಾ ಕಿಟಕಿಯ ಬೆಳಕಿಗೆ ಕೂತು ಒಂದು ಶೇರವಾನಿಗೆ ಗುಂಡಿ ಹಚ್ಚುತ್ತಿದ್ದಳು. ನಾನು ಎದುರಿಗೆ ಕೂತೆ. ಹೇಗೆ ಶುರುಮಾಡಿದೆನೋ ಈಗ ನೆನಪಿಲ್ಲ. ಡಾಕ್ಟರು ಪಲ್ಲವಿಯನ್ನು ಹೊರಗೆ ಕಳಿಸಿ ಹೇಳಿದ್ದನ್ನು ಹೇಳಿದೆ. ಅದು ನಿಜವಾಗಿದೆ ಎಂದೆ. ಔಷಧಿ ಇದೆಯಂತೆ, ನಾನು ಕೇಳಿಲ್ಲ ಎಂದೆ. ಅವಳ ಮುಖ ನೋಡುವ ಧೈರ್ಯವಾಗದೆ, ಅವಳ ಕೈಯಲ್ಲಿದ್ದ ಗುಂಡಿಯನ್ನೇ ನೋಡುತ್ತಿದ್ದೆ.

ಅವಳು ದಾರವನ್ನು ಹಲ್ಲಿನಿಂದ ಕಡಿದಳು. ಶೇರವಾನಿಯನ್ನು ಮಡಚಿ ಬದಿಗಿಟ್ಟಳು.

“ನಾ ಬ್ಯಾರೇನ ತಿಳದಿದ್ದೆ,” ಎಂದಳು.

“ಏನು?”

“ಆಸ್ಪತ್ರ್ಯಾಗ ನಿಮ್ಮ ಪೈಪ, ಚೀಲ, ಎಲ್ಲಾ ನಾನ ಬಳದೀನಿ. ಅದನ್ನ ನೋಡಿದಾಕಿ ಅಂತ ನಿಮಗ ನನ್ನ ಕಂಡ್ರ ಹೇಸಿಗಿ ಆಗೈತಿ, ಅದಕ್ಕ ದೂರ ಮಲಗತೀರಿ ಅಂತ ತಿಳದಿದ್ದೆ.”

ಆಗ ತಲೆಯೆತ್ತಿ ಅವಳ ಮುಖ ನೋಡಿದೆ.

ಏಳು ತಿಂಗಳು ಅವಳು ಗೋಡೆಯ ಆ ಕಡೆ ಇದನ್ನು ಎದೆಯಲ್ಲಿಟ್ಟುಕೊಂಡು ಮಲಗಿದ್ದಳು. ನಾನು ಈ ಕಡೆ ನನ್ನದನ್ನು ಇಟ್ಟುಕೊಂಡು ಮಲಗಿದ್ದೆ. ಮೈಗೆ ಬಂದ ರೋಗಕ್ಕೆ ಡಾಕ್ಟರು ಸ್ಕ್ಯಾನ್ ತೆಗೆದರು, ಚಿತ್ರ ಬರೆದು ತೋರಿಸಿದರು. ಇದಕ್ಕೆ ಯಾವ ಟೆಸ್ಟೂ ಇರಲಿಲ್ಲ. ಬಾಯಿಬಿಟ್ಟು ಹೇಳುವುದೊಂದೇ ಇತ್ತು, ಅದನ್ನೇ ನಾನು ಮುಂದೂಡಿದ್ದೆ.

ಅಳು ಬಂತು. ಸರ್ಜರಿಗೂ ಅತ್ತಿರಲಿಲ್ಲ. ಸುಮಿತ್ರಾ ಕಣ್ಣೊರೆಸಿಕೊಂಡು, ಎದ್ದು ಕಿಚನ್ನಿಗೆ ಹೋಗಿ, ನನ್ನ ಹಾಸಿಗೆ ಸುತ್ತಿ ಎತ್ತಿಕೊಂಡು ಬಂದಳು. “ಇದರ ಮ್ಯಾಲ ಜೀರಿಗಿ ಒಗ್ಗರಣಿ ವಾಸನಿ ಹತ್ತೇತಿ,” ಎನ್ನುತ್ತ ರೂಮಿನ ಮೂಲೆಯಲ್ಲಿ ಇಟ್ಟಳು. ಆಮೇಲೆ ಸಿಟ್ಟಿನಿಂದ, “ಔಷಧಿ ಐತಿ ಅಂದ್ರ ಕೇಳಾಕ ಏನಾಗೈತಿ? ಮುಂದಿನ ಸಲ ನಾನೂ ಬರತೀನಿ, ಡಾಕ್ಟರ್ ಕಡೆ ನಾನ ಕೇಳತೀನಿ,” ಎಂದಳು.

ಬಂದಳು, ಕೇಳಿದಳು. ಡಾಕ್ಟರು ಸಂತೋಷಪಟ್ಟು ಅರ್ಧ ತಾಸು ಹೇಳಿದರು. ಕೆಲವಕ್ಕೆ ಉಪಾಯ ಇದೆ, ಕೆಲವಕ್ಕೆ ಕಾಯಬೇಕು, ಕೆಲವು ಬರದೆಯೂ ಇರಬಹುದು. ಮೊದಲ ಸಲ ಆ ಮಾತುಗಳನ್ನು ನಾನು ಸರಿಯಾಗಿ ಕೇಳಿಸಿಕೊಂಡೆ. ಯಾಕೆಂದರೆ ಕೇಳಿಸಿಕೊಳ್ಳಲು ನಾವು ಇಬ್ಬರಿದ್ದೆವು.

ರುದ್ರಗೌಡರಿಗೆ ಭಾನುವಾರ ಸಂಜೆಯೇ ಫೋನ್ ಮಾಡಿ, ಆದದ್ದನ್ನು ಆದಂತೆ ಹೇಳಿದ್ದೆ. ನಾನು ಅತ್ತಿದ್ದನ್ನೂ. ಮೂರನೇ ದಿನ ಅವರದೇ ಫೋನ್.

“ಹೇಳ್ದೆ ಅಣ್ಣಾ.”

“ಏನಂದ್ರು?”

“ಏನೂ ಅನ್ಲಿಲ್ಲ. ಎದ್ದು ಹೋಗಿ ಬಿಸಿ ರೊಟ್ಟಿ ಬಡದ್ಲು. ನಾ ಉಣ್ಣೂ ತನಕ ಮುಂದ ಕುಂತಿದ್ಲು. ದಿನಾ ಟೀವಿ ಮುಂದ ಕುಂದರತಿದ್ಲು ನೋಡ್ರಿ. ಅವತ್ತ ಟೀವಿ ಹಚ್ಚಲಿಲ್ಲ.”

ಅವರಿಗೆ ಡಾಕ್ಟರು ಹೇಳಿದ್ದು ರೇಡಿಯೇಶನ್ ಮತ್ತು ಹಾರ್ಮೋನ್ ಇಂಜೆಕ್ಷನ್. ನನ್ನದೇ ದಾರಿ ಸರಿ ಎಂದು ಹೇಳುವ ಚಟ ನನಗೆ ಬಿಟ್ಟಿತ್ತು. ರೇಡಿಯೇಶನ್ ಆಗಿದ್ದ ಮರಾಠಿಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿ ಸುಮ್ಮನಾದೆ. ಇಂಜೆಕ್ಷನ್ ಶುರುವಾದ ಮೇಲೆ ಗೌಡರಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಬೆವರುತ್ತಿತ್ತು. ಸೈಟಿನಲ್ಲಿ ಹೆಲ್ಮೆಟ್ ತೆಗೆದು ಬೀಸಿಕೊಳ್ಳುತ್ತಿದ್ದರಂತೆ. “ನಮ್ಮ ಮನ್ಯಾಕಿಗಿ ಇದು ಐದು ವರ್ಷದ ಹಿಂದ ಮುಟ್ಟು ನಿಂತಾಗ ಆಗಿತ್ತು. ಆಗ ನಾ ಬೈತಿದ್ದೆ, ಏನ್ ನಾಟಕಾ ಅಂತ,” ಎಂದು ಸಭೆಯಲ್ಲಿ ಒಪ್ಪಿಕೊಂಡರು. ಎಲ್ಲರೂ ನಕ್ಕರು.

ಸಾಲಿಯಾನರ ಪಿಎಸ್‌ಎ ಈ ವರ್ಷ ಸ್ವಲ್ಪ ಏರಿದೆ. ಅವರಿಗೂ ಇಂಜೆಕ್ಷನ್ ಶುರುವಾಗಿದೆ. ಈಗ ದಿನ ಬಿಟ್ಟು ದಿನ ಫೋನ್ ಮಾಡುವವನು ನಾನು. “ಎಂತ ಮಾರಾಯ್ರೆ, ನನಗೇ ಟ್ರೇನಿಂಗಾ?” ಎಂದು ಗದರುತ್ತಾರೆ, ಆದರೆ ಎತ್ತುತ್ತಾರೆ. ನನ್ನದೂ ನಾಳೆ ಏರಬಹುದು. ರಿಪೋರ್ಟ್ ತರುವ ದಿನ ಈಗಲೂ ಬೆಳಗಿನ ತಿಂಡಿ ಇಳಿಯುವುದಿಲ್ಲ. ಉಳಿದ ದಿನಗಳಲ್ಲಿ ಚೆನ್ನಾಗಿ ಉಣ್ಣುತ್ತೇನೆ, ಚೆನ್ನಾಗಿ ಹೊಲಿಯುತ್ತೇನೆ.

ಕಳೆದ ವಾರ ರುದ್ರಗೌಡರ ರೇಡಿಯೇಶನ್ ಮುಗಿಯಿತು. ಕೊನೆಯ ದಿನ ನಾನೂ ಸುಮಿತ್ರಾಳೂ ಹೋಗಿದ್ದೆವು. ಅವರ ಹೆಂಡತಿ ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಿದ್ದರು. ಸುಮಿತ್ರಾ ಮತ್ತು ಅವರು ಒಬ್ಬರನ್ನೊಬ್ಬರು ನೋಡಿದ್ದು ಅದೇ ಮೊದಲು. ಕಾರಿಡಾರಿನ ಆ ತುದಿಯ ಬೆಂಚಿನಲ್ಲಿ ಕೂತು ಮೊದಮೊದಲು ಸಣ್ಣ ದನಿಯಲ್ಲಿ ಏನೋ ಮಾತಾಡಿದರು. ಬರಬರುತ್ತ ತಲೆಗೆ ತಲೆ ಹಚ್ಚಿದರು. ಇದ್ದಕ್ಕಿದ್ದಂತೆ ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಗತೊಡಗಿದರು. ನರ್ಸ್ ಒಬ್ಬಳು ತಿರುಗಿ ನೋಡಿದಳು. ಆದರೂ ನಿಲ್ಲಿಸಲಿಲ್ಲ.

ನಾವು ಗಂಡಸರಿಬ್ಬರೂ ಈ ತುದಿಯಲ್ಲಿ ಕೂತಿದ್ದೆವು.

“ನಮ್ದೇ ಏನೋ ನಡದದ ಅಲ್ಲಿ,” ಎಂದರು ಗೌಡರು.

“ನಡೀಲಿ ಬಿಡ್ರಿ,” ಎಂದೆ.

ಅವರು ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ಹೋಳಿಗೆ ಇನ್ನೂ ಬೆಚ್ಚಗಿತ್ತು.